ಚೆಂಡು ಮತ್ತೆ ಅವನಿಗೇ

ಗಾಜಿನಂಗಡಿಯ ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರು ಹೇಳುತ್ತಾರೆ. ಪಾಪ, ಅವರಿಗೆ ಪೂರ್ತಿ ಗೊತ್ತಿಲ್ಲ. ಮೂಗಿನ ತುದಿಯಲ್ಲಿ ಕಾದು ಕೂರುವಷ್ಟು ಪುರಸೊತ್ತು ಆ ಕೋಪಕ್ಕೆಲ್ಲಿದೆ? ಗಿರಾಕಿಯೊಬ್ಬರು ಹೊಸದಾಗಿ ಕೂರಿಸಿದ ಕಿಟಕಿ ನೋಡಿ, "ಸ್ವಲ್ಪ ವಾಲಿದೆಯೇನೋ" ಎಂದರೆ ಸಾಕು, "ಗಾಜು ನೆಟ್ಟಗಿದೆ, ವಾಲಿರೋದು ನಿಮ್ಮ ಮನೆ" ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಾನೆ. ಆಮೇಲೆ ಅವನ ತಮ್ಮ ಹಿಂದೆ ಉಳಿದು, ಗಿರಾಕಿಯ ಹತ್ತಿರ ಎರಡು ಒಳ್ಳೆಯ ಮಾತಾಡಿ, ನೆಲದ ಮೇಲಿನ ಚೂರುಗಳನ್ನು ಗುಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಬರುತ್ತಾನೆ. ಇದು ಅವರಿಬ್ಬರ ಕೆಲಸದ ಹಂಚಿಕೆ. ಯಾರೂ ಕೂತು ಮಾಡಿದ್ದಲ್ಲ, ತಾನಾಗಿಯೇ ಆದದ್ದು.

ಆದರೆ ಗಾಜು ಕೈಗೆ ಬಂದಾಗ ಅಣ್ಣನನ್ನು ನೋಡಬೇಕು. ಆಳೆತ್ತರದ ಶೀಟನ್ನು ಮೇಜಿನ ಮೇಲೆ ಮಲಗಿಸಿ, ಬಟ್ಟೆಯಿಂದ ಒಮ್ಮೆ ಸವರಿ, ಮರದ ಪಟ್ಟಿಯನ್ನು ಅಳತೆಗೆ ಇಟ್ಟು, ಗಾಜು ಕೊಯ್ಯುವ ಕಟ್ಟರಿನ ಸಣ್ಣ ಚಕ್ರವನ್ನು ಎಣ್ಣೆಯಲ್ಲಿ ಅದ್ದುತ್ತಾನೆ. ಆಮೇಲೆ ಉಸಿರು ಬಿಗಿಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ನಡುವೆ ನಿಲ್ಲಿಸುವಂತಿಲ್ಲ, ಎರಡನೇ ಸಲ ಅದೇ ಗೀರಿನ ಮೇಲೆ ಹೋಗುವಂತಿಲ್ಲ. ಸರ್ರ್ ಎಂದು ಒಂದೇ ಸಮನೆ ಸದ್ದು ಬಂದರೆ ಗೀರು ಸರಿಯಾಗಿದೆ ಎಂದು ಅರ್ಥ. ಶೀಟನ್ನು ಮೇಜಿನ ಅಂಚಿಗೆ ತಂದು ಎರಡೂ ಕೈಯಿಂದ ಒತ್ತಿದರೆ, ಟಕ್ ಎಂದು ಎರಡು ಹೋಳು. ಆಗ ಅವನ ಮುಖದಲ್ಲಿ ಕೋಪ ಹುಡುಕಿದರೂ ಸಿಗುವುದಿಲ್ಲ.

ತಮ್ಮನ ಕೆಲಸ ಪಟ್ಟಿಯ ತುದಿಯನ್ನು ಅಲುಗದಂತೆ ಒತ್ತಿ ಹಿಡಿಯುವುದು. ಅಷ್ಟೇ. ಚಿಕ್ಕಪುಟ್ಟ ಫೋಟೊ ಗಾಜನ್ನು ಅವನೂ ಕೊಯ್ಯುತ್ತಾನೆ, ಆದರೆ ದೊಡ್ಡ ಶೀಟಿಗೆ ಅವನ ಕೈ ತಾಗಿ ವರ್ಷಗಳೇ ಕಳೆದಿವೆ. ಹೊಸದಾಗಿ ಮದುವೆಯಾಗಿದ್ದ ಕಾಲದಲ್ಲಿ ಅವನೊಮ್ಮೆ ಬಟ್ಟೆಯಂಗಡಿಯ ಮುಂಭಾಗಕ್ಕೆಂದು ತರಿಸಿದ ಭಾರಿ ಶೀಟನ್ನು ಕೊಯ್ಯಲು ಹೋಗಿ, ಗೀರು ನಡುವೆ ತಡೆದು, ಗಾಜು ಅಡ್ಡಾದಿಡ್ಡಿ ಬಿರಿದುಹೋಗಿತ್ತು. ಅಣ್ಣ ಅವತ್ತು ಬೈಯಲಿಲ್ಲ. ಬೈದಿದ್ದರೆ ಇಬ್ಬರೂ ಸಂಜೆಯೊಳಗೆ ಮರೆಯುತ್ತಿದ್ದರು. ಅವನು ತುಟಿಪಿಟಕ್ಕೆನ್ನದೆ ತಮ್ಮನ ಬೆರಳುಗಳ ನಡುವಿನಿಂದ ಕಟ್ಟರನ್ನು ತೆಗೆದುಕೊಂಡ. ತೆಗೆದುಕೊಂಡವನು ಮತ್ತೆ ಕೊಡಲೇ ಇಲ್ಲ.

ಈಗ ಆ ತಮ್ಮ ಅಂಗಡಿ ಬಿಡುವ ಮಾತು ಎದ್ದಿತ್ತು. ನಗರದ ಆಚೆ ತುದಿಯಲ್ಲಿ ಹೊಸದಾಗಿ ತೆರೆದ ದೊಡ್ಡ ಗಾಜಿನ ಕಾರ್ಖಾನೆಯವರು ಅವನನ್ನು ಕರೆದಿದ್ದರು. ಅಲ್ಲಿ ಅವನಿಗೊಂದು ಮೇಜು, ಅವನ ಕೈಗೇ ಶೀಟುಗಳು. ಸುದ್ದಿ ಅಣ್ಣನಿಗೆ ಮುಟ್ಟಿದ್ದು ಹೆಂಡತಿಯ ಮೂಲಕ, ಅದೂ ಊಟದ ಹೊತ್ತಿನಲ್ಲಿ.

"ಅಲ್ಲಿ ಭಾನುವಾರಾನೂ ಕೆಲಸವಂತೆ. ಅದಕ್ಕೇ ಮಕ್ಕಳ ಪಂದ್ಯ ಎಲ್ಲ ಮುಗೀಲಿ, ಆಮೇಲೆ ಸೋಮವಾರ ಹೇಳ್ತೀನಿ ಅಂದಿದ್ದಾನೆ," ಎಂದಳು ಅವಳು. "ಮಗಳ ಆಟ ತಪ್ಪಿಸೋಕೆ ಮನಸ್ಸಿಲ್ಲ ಅವನಿಗೆ."

"ಹೋಗ್ಲಿ ಬಿಡು. ಯಾರ ಕಾಲು ಯಾರು ಕಟ್ಟಿಹಾಕಿದ್ದಾರೆ?"

"ಇರು ಅಂತ ಒಂದು ಮಾತು ಹೇಳೋಕೆ ನಿಮಗೇನು ಧಾಡಿ?"

ಅಣ್ಣ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಕೈ ತೊಳೆಯಲು ಎದ್ದ. ಮಕ್ಕಳಿಲ್ಲದ ಅವನಿಗೆ ತಮ್ಮನೆಂದರೆ ಜೀವ. ಆದರೆ ಜೀವ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಣ್ಣ ತಮ್ಮ ಇಬ್ಬರೂ ಮರುದಿನ ಎಂದಿನಂತೆ ಶೀಟಿನ ಎರಡು ತುದಿ ಹಿಡಿದು ಮೆಟ್ಟಿಲು ಹತ್ತಿದರು, ಎಂದಿನಂತೆ "ಹುಷಾರು, ಎಡಕ್ಕೆ" ಎನ್ನುವುದನ್ನು ಬಿಟ್ಟು ಬೇರೇನೂ ಮಾತಾಡಲಿಲ್ಲ.

ಇನ್ನು ಆ ಮಕ್ಕಳ ಪಂದ್ಯದ ವಿಚಾರ. ತಮ್ಮನ ಮಗಳಿಗೆ ಎಲ್ಲರೂ ಗುಬ್ಬಿ ಎನ್ನುತ್ತಾರೆ. ಹತ್ತು ತುಂಬದ ಹುಡುಗಿ, ಕೈಕಾಲು ಕಡ್ಡಿ, ಬಾಯಿ ಮಾತ್ರ ಭರ್ಜರಿ. ಬಡಾವಣೆಯ ಚಿಕ್ಕ ಮಕ್ಕಳ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಆಗಲು ಯಾರೂ ಒಪ್ಪದೆ ಇದ್ದಾಗ, "ನಾನು ನಿಲ್ತೀನಿ, ನಮ್ಮ ದೊಡ್ಡಪ್ಪ ಕೀಪರ್ ಆಗಿದ್ರು" ಎಂದು ಮುಂದೆ ಬಂದವಳು. ಅದು ಸುಳ್ಳಲ್ಲ. ಹಿಂದೆ ಅಣ್ಣ ಇದೇ ಬಡಾವಣೆಯ ದೊಡ್ಡವರ ತಂಡದ ಕೀಪರ್. ಅವನಿಗಿದ್ದ ಹೆಸರು ತೋಪು, ಅಂದರೆ ಫಿರಂಗಿ. ಚೆಂಡು ಹಿಡಿದದ್ದಕ್ಕಲ್ಲ, ಒದ್ದದ್ದಕ್ಕೆ. ಚೆಂಡನ್ನು ಎದೆಗವಚಿಕೊಂಡು ನಾಲ್ಕು ಹೆಜ್ಜೆ ಓಡಿ, ಕೈಬಿಟ್ಟು, ನೆಲ ಮುಟ್ಟುವ ಮೊದಲೇ ಒದ್ದರೆ ಅದು ನಡುಗೆರೆ ದಾಟಿ ಎದುರಾಳಿಗಳ ಗೋಲಿನ ಹತ್ತಿರ ಹೋಗಿ ಇಳಿಯುತ್ತಿತ್ತು. ಜನ ಓಹೋ ಎನ್ನುತ್ತಿದ್ದರು. ಆ ಓಹೋ ಇನ್ನೂ ಅವನ ಕಿವಿಯಲ್ಲಿ ಹಸಿಯಾಗಿತ್ತು.

ಹೀಗಿದ್ದ ಮೇಲೆ ಗುಬ್ಬಿಗೆ ಅವನು ಕಲಿಸಿದ್ದೇನು ಎಂದು ಬೇರೆ ಹೇಳಬೇಕೆ? ಅಂಗಡಿಯ ಹಿಂದಿನ ಓಣಿಯಲ್ಲಿ ನಿಲ್ಲಿಸಿ, ಕೈಯಿಂದ ಬಿಟ್ಟು ಒದೆಯುವುದನ್ನೇ ಕಲಿಸಿದ. ಸುತ್ತ ಗಾಜಿನ ರಾಶಿ, ನಡುವೆ ಫುಟ್‌ಬಾಲ್ ಪಾಠ. ಇಂಥ ಬುದ್ಧಿವಂತಿಕೆ ಬೇರೆ ಯಾವ ಗಾಜಿನ ವ್ಯಾಪಾರಿಗೂ ಹೊಳೆಯಲಾರದು. ದೇವರ ದಯೆ, ಏನೂ ಒಡೆಯಲಿಲ್ಲ. ಗುಬ್ಬಿ ಕಲಿತಳು. ಆ ಕಡ್ಡಿ ಕಾಲಿನಲ್ಲಿ ಅಷ್ಟು ಒದೆ ಹೇಗೆ ಅಡಗಿತ್ತೋ, ಚೆಂಡು ಓಣಿಯ ತುದಿಯ ನೀರಿನ ತೊಟ್ಟಿಯವರೆಗೂ ಹೋಗುತ್ತಿತ್ತು.

ಮೊದಲ ಪಂದ್ಯದಲ್ಲೇ ಗುಬ್ಬಿ ಚೆಂಡು ಹಿಡಿದಳು, ಓಡಿದಳು, ಒದ್ದಳು. ಚೆಂಡು ಹಾರಿತು. ಅಣ್ಣ ಎದ್ದು ನಿಂತು ಚಪ್ಪಾಳೆ ತಟ್ಟಲು ಕೈ ಎತ್ತಿದ್ದ, ಅಷ್ಟರಲ್ಲಿ ಸೀಟಿ ಕೇಳಿಸಿತು. ರೆಫರಿ ಚೆಂಡನ್ನು ವಾಪಸು ತರಿಸಿ, ಗುಬ್ಬಿ ಒದ್ದ ಜಾಗದಲ್ಲೇ ಇರಿಸಿ ಎದುರಿನವರಿಗೆ ಫ್ರೀ ಕಿಕ್ ಕೊಟ್ಟರು. ಅದನ್ನು ನೇರವಾಗಿ ಗೋಲಿಗೆ ಒದೆಯುವಂತಿರಲಿಲ್ಲ, ಆದರೆ ಒಬ್ಬಳು ತಟ್ಟಿದಳು, ಇನ್ನೊಬ್ಬ ಒಳಗೆ ದಬ್ಬಿದ. ಗೋಲು.

ಅಣ್ಣನ ಪಿತ್ತ ನೆತ್ತಿಗೇರಿತು. ಸುಣ್ಣದ ಗೆರೆ ದಾಟಿ ಮೈದಾನದೊಳಕ್ಕೇ ನುಗ್ಗಿದ. "ಯಾವ ಸೀಮೆ ಆಟ ಇದು? ಕೀಪರ್ ಒದೀದೆ ಇನ್ನೇನು ಮುತ್ತು ಕೊಡಬೇಕಾ ಚೆಂಡಿಗೆ?" ಎಂದು ಅವನು ಕೇಳಿದ ಪ್ರಶ್ನೆ ಮೂರು ಬೀದಿಗೆ ಕೇಳಿಸಿತು. ರೆಫರಿ ಕೈಕಟ್ಟಿಕೊಂಡು ನಿಂತರು. ಕೊನೆಗೆ ಹೆಂಡತಿಯೇ ಹೋಗಿ ಅವನ ಅಂಗಿಯ ತೋಳು ಹಿಡಿದು ಎಳೆದುಕೊಂಡು ಬಂದಳು. ಗುಬ್ಬಿ ಗೋಲಿನ ಕಂಬಕ್ಕೆ ಒರಗಿ, ಮುಖ ಊದಿಸಿಕೊಂಡು, ತನ್ನ ಕಾಲನ್ನೇ ನೋಡುತ್ತಿದ್ದಳು.

ಮಕ್ಕಳಿಗೆ ಆಟ ಹೇಳಿಕೊಡುವಾಕೆ ಶಾಲೆಯ ವ್ಯಾನ್ ಓಡಿಸುತ್ತಾಳೆ, ಎಲ್ಲರಿಗೂ ವ್ಯಾನಕ್ಕ. ಆಟ ಮುಗಿದ ಮೇಲೆ ಅವಳು ಅಣ್ಣನ ಪಕ್ಕ ಬಂದು ಕೂತಳು.

"ಅಣ್ಣ, ತಪ್ಪು ನಂದೂ ಇದೆ, ನಿಮಗೆ ಮೊದಲೇ ಹೇಳಬೇಕಿತ್ತು. ಈ ವಯಸ್ಸಿನ ಮಕ್ಕಳಲ್ಲಿ ಕೀಪರ್ ಕೈಯಿಂದ ಬಿಟ್ಟು ಒದೆಯೋ ಹಾಗಿಲ್ಲ. ಉರುಳಿಸಬೇಕು, ಇಲ್ಲ ಎಸೀಬೇಕು. ಬೇಕಾದ್ರೆ ನೆಲಕ್ಕಿಟ್ಟು ಕಾಲಲ್ಲಿ ಆಡಬಹುದು."

"ಯಾಕೆ?"

"ಮೇಲಿಂದ ಹೋದ್ರೆ ಉಳಿದ ಮಕ್ಕಳು ಆಕಾಶ ನೋಡ್ಕೊಂಡು ನಿಂತುಬಿಡ್ತಾರೆ. ಅವರ ಕಾಲಿಗೆ ಚೆಂಡು ಸಿಗೋದು ಯಾವಾಗ?"

"ಗೆಲ್ಲೋಕೆ ಆಡ್ತಾರೋ, ಎಲ್ಲರಿಗೂ ಹಂಚೋಕೆ ಆಡ್ತಾರೋ?" ಎಂದು ಅಣ್ಣ ಗೊಣಗಿದ. ವ್ಯಾನಕ್ಕ ನಕ್ಕು ಎದ್ದು ಹೋದಳು. ಅವಳು ದಿನಾ ಬೆಳಿಗ್ಗೆ ಒಂದು ವ್ಯಾನ್ ತುಂಬ ಮಕ್ಕಳ ಕೂಗಾಟ ಕೇಳುವವಳು, ಒಬ್ಬ ಅಣ್ಣನ ಗೊಣಗಾಟ ಅವಳಿಗೆ ಯಾವ ಲೆಕ್ಕ?

ಆಮೇಲೆ ಅಣ್ಣ ಕಲಿಸುವುದನ್ನು ನಿಲ್ಲಿಸಿದ. ಆದರೆ ಸಂಜೆ ಅಭ್ಯಾಸದ ಹೊತ್ತಿಗೆ ಮೈದಾನದ ಕಟ್ಟೆಯ ಮೇಲೆ ಹಾಜರಾಗುತ್ತಿದ್ದ. ತಮಾಷೆ ನೋಡಲು, ಎಂದು ಹೆಂಡತಿಗೆ ಹೇಳಿದ್ದ. ಈ ಚಿಕ್ಕವರ ಆಟದ ನಿಯಮದಂತೆ ಗುಬ್ಬಿ ಚೆಂಡು ಹಿಡಿದ ಕೂಡಲೇ ಎದುರಾಳಿಗಳೆಲ್ಲ ದೂರದ ಒಂದು ಗೆರೆಯ ಹಿಂದಕ್ಕೆ ಸರಿಯಬೇಕು. ಚೆಂಡು ಅವಳ ಕೈಬಿಟ್ಟ ಮೇಲೆಯೇ ಅವರು ಮುಂದೆ ನುಗ್ಗಬಹುದು. ಆ ನಡುವೆ ಅವಳಿಗೆ ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ನೋಡಬೇಕು, ಯಾರು ಖಾಲಿ ಇದ್ದಾರೆ, ಯಾರು ಕೈ ಎತ್ತಿದ್ದಾರೆ ಎಂದು. ಉರುಳಿಸಿದ ಮೇಲೆ ಬೇರೆಯವರು ಮುಟ್ಟುವ ತನಕ ಮತ್ತೆ ಕೈಗೆತ್ತಿಕೊಳ್ಳುವಂತಿಲ್ಲ. ತನ್ನವರೇ ಬೇಕೆಂದು ಕಾಲಿನಿಂದ ಹಿಂದಕ್ಕೆ ತಳ್ಳಿದರೂ ಕೈ ಹಾಕುವಂತಿಲ್ಲ, ಕಾಲಿನಿಂದಲೇ ನಿಭಾಯಿಸಬೇಕು.

"ಕಾಲಿದ್ರೂ ಒದೀಬಾರದು, ಕೈಯಿದ್ರೂ ಮುಟ್ಟಬಾರದು. ಹಾಗಿದ್ರೆ ಒಂದು ಗೊಂಬೆ ನಿಲ್ಲಿಸಿ ಅಲ್ಲಿ," ಎಂದು ಅಣ್ಣ ಪಕ್ಕದಲ್ಲಿ ಕೂತ ತಮ್ಮನಿಗೆ ಹೇಳಿದ. ತಮ್ಮ ನಗಲಿಲ್ಲ. ಮಗಳನ್ನೇ ನೋಡುತ್ತಿದ್ದ.

ಗೊಂಬೆ ಎಂದವನು ದಿನ ಕಳೆದಂತೆ ಸುಮ್ಮನಾದ. ಗುಬ್ಬಿಯಲ್ಲಿ ಏನೋ ಬದಲಾಗುತ್ತಿತ್ತು. ಮೊದಲು ಚೆಂಡು ಸಿಕ್ಕರೆ ಅವಳ ಕಣ್ಣು ದೂರಕ್ಕೆ ಹೋಗುತ್ತಿತ್ತು, ಈಗ ಹತ್ತಿರದಲ್ಲಿ ತಿರುಗುತ್ತಿತ್ತು. ಎಡಕ್ಕೆ ಒಂದು ನೋಟ, ಬಲಕ್ಕೆ ಒಂದು. ಮೊಣಕಾಲಿನವರೆಗೂ ಬಗ್ಗಿ, ಚೆಂಡನ್ನು ನೆಲದ ಮೇಲೆ ಸದ್ದಾಗದಂತೆ ಉರುಳಿಸುತ್ತಿದ್ದಳು, ತನ್ನ ತಂಡದವನ ಕಾಲಿಗೆ ಅದು ತಾನಾಗಿ ಹೋಗಿ ನಿಲ್ಲುವಂತೆ. ಅಷ್ಟು ವರ್ಷ ಕೀಪರ್ ಆಗಿ ನಿಂತಿದ್ದ ಅಣ್ಣನಿಗೆ ತನ್ನ ಮುಂದೆಯೇ ಇದ್ದ ಆ ಅರ್ಧ ಮೈದಾನ ಮೊದಲ ಸಲ ಕಣ್ಣಿಗೆ ಬಿದ್ದಂತಾಯಿತು. ಅಲ್ಲಿ ಇಷ್ಟೊಂದು ಜನ ಇರುತ್ತಾರೆಯೇ?

ಆ ಜನರಲ್ಲಿ ಒಬ್ಬ ಸೋಡಾಬುಡ್ಡಿ. ದಪ್ಪ ಕನ್ನಡಕದ ಹುಡುಗ, ಕನ್ನಡಕ ಜಾರದಂತೆ ಹಿಂದೆ ರಬ್ಬರು ಪಟ್ಟಿ. ಆಡುವುದರಲ್ಲಿ ಅಷ್ಟಕ್ಕಷ್ಟೇ. ಚೆಂಡು ಬಂದರೆ ಅದರ ಮೇಲೆ ತಾನೇ ಬೀಳುತ್ತಿದ್ದ. ಗೋಲಿನ ಎಡಗಡೆ ಅವನ ಜಾಗ. ತಂಡದ ಮಕ್ಕಳು ಅವನಿಗೆ ಚೆಂಡು ಕೊಡುವುದನ್ನು ಯಾವತ್ತೋ ಬಿಟ್ಟಿದ್ದರು. ಆದರೂ ಪುಣ್ಯಾತ್ಮ ಪ್ರತಿ ಸಲ ಕೈ ಎತ್ತಿ ನಿಲ್ಲುತ್ತಿದ್ದ.

ಕೊನೆಯ ಪಂದ್ಯದ ಭಾನುವಾರ ಬಂತು. ಗೆದ್ದರೆ ಕಪ್ಪು ಇವರದು, ಸಮವಾದರೆ ಅಂಕದಲ್ಲಿ ಮುಂದಿದ್ದ ಎದುರಿನವರದು. ಕಟ್ಟೆಯ ಮೇಲೆ ಅಣ್ಣ, ಅವನ ಹೆಂಡತಿ, ಅವಳ ಆಚೆಗೆ ತಮ್ಮ ಕೂತಿದ್ದರು. ಮರುದಿನ ಸೋಮವಾರ ಎನ್ನುವುದು ಮೂವರಿಗೂ ಗೊತ್ತಿತ್ತು, ಯಾರೂ ಆ ಮಾತು ಎತ್ತಲಿಲ್ಲ. ತಮ್ಮ ಅಂಗೈ ಉಜ್ಜಿಕೊಳ್ಳುತ್ತಾ ಕೂತಿದ್ದ. ಅದು ಮಗಳ ಆಟದ ಚಿಂತೆಯೋ, ನಾಳೆಯ ಉತ್ತರದ ಚಿಂತೆಯೋ ಎಂದು ಅಣ್ಣ ಓರೆಗಣ್ಣಿನಿಂದ ನೋಡಿದ. ತಿಳಿಯಲಿಲ್ಲ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಇವರ ಕಡೆಯ ಹುಡುಗಿಯೊಬ್ಬಳು ಗೋಲು ಹೊಡೆದಳು. ಅಲ್ಲಿಂದ ಮುಂದೆ ಎದುರಿನವರು ಬಿಡದೆ ಮುತ್ತಿದರು. ಗುಬ್ಬಿ ಬಿದ್ದಳು, ಎದ್ದಳು, ಹಿಡಿದಳು, ಮೊಣಕೈ ತರಚಿಕೊಂಡಳು. ಎರಡನೇ ಅರ್ಧದಲ್ಲಿ ಒಂದು ಜೋರಾದ ಹೊಡೆತವನ್ನು ಹೊಟ್ಟೆಗೆ ಅವಚಿ ಹಿಡಿದಳು. ಎದುರಾಳಿಗಳು ಗೆರೆಯ ಹಿಂದಕ್ಕೆ ಸರಿದರು. ಗುಬ್ಬಿ ಎಡಕ್ಕೆ ನೋಡಿದಳು. ಸೋಡಾಬುಡ್ಡಿಯ ಕೈ ಮೇಲಿತ್ತು, ಅವನ ಸುತ್ತ ಯಾರೂ ಇರಲಿಲ್ಲ. ಅವಳು ಚೆಂಡನ್ನು ಅವನಿಗೆ ಉರುಳಿಸಿದಳು.

ಗೆರೆಯ ಹಿಂದಿನಿಂದ ಮೂವರು ಓಡಿ ಬಂದರು. ಅವರನ್ನು ಕಂಡದ್ದೇ ಸೋಡಾಬುಡ್ಡಿ ಎರಡು ಹೆಜ್ಜೆ ಹಿಂದಕ್ಕಿಟ್ಟ. ಬೇರೇನೂ ತೋಚದೆ ಚೆಂಡನ್ನು ಬೂಟಿನ ತುದಿಯಿಂದ ಗುಬ್ಬಿಯ ಕಡೆಗೇ ತಳ್ಳಿಬಿಟ್ಟ. ಅವಳ ಎರಡೂ ಕೈ ಚೆಂಡಿನ ಮೇಲೆ ಬೀಳಲು ಮುಂದೆ ಬಂದವು. ಅಣ್ಣ ಕಣ್ಣಾರೆ ನೋಡಿದ, ಬೆರಳು ಇನ್ನೇನು ತಾಗಬೇಕು, ಅಷ್ಟರಲ್ಲಿ ಆ ಕೈಗಳು ಸುಟ್ಟಂತೆ ಹಿಂದಕ್ಕೆ ಹೋದವು. ತನ್ನವನು ಕಾಲಿನಿಂದ ಕೊಟ್ಟದ್ದು, ಕೈ ಹಾಕುವಂತಿಲ್ಲ. ಅವಳು ಕಾಲು ಚಾಚಿದಳು. ಚೆಂಡು ಬೂಟಿಗೆ ತಾಗಿ ಪಕ್ಕಕ್ಕೆ ಹಾರಿತು, ಎದುರಿನ ತಂಡದ ಹುಡುಗಿ ಓಡಿ ಬಂದು ಒಳಗೆ ತಳ್ಳಿದಳು.

ಸಮ ಸಮ. ಅಣ್ಣ ಎದ್ದು ನಿಂತು ತಲೆ ಚಚ್ಚಿಕೊಂಡ. "ಅವನಿಗ್ಯಾಕೆ ಕೊಟ್ಟೆ? ಅಷ್ಟು ಜನ ಇದ್ರು, ಹೋಗಿ ಹೋಗಿ ಅವನಿಗೆ!" ಎಂದು ಅವನೊಬ್ಬನೇ ಅಲ್ಲ, ಕಟ್ಟೆಯ ಅರ್ಧ ಜನ ಕೂಗಿದರು. ಸೋಡಾಬುಡ್ಡಿ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಾ ನಿಂತ. ಒರೆಸಿದ್ದು ಕನ್ನಡಕವನ್ನೋ ಕಣ್ಣನ್ನೋ, ದೂರದಿಂದ ಗೊತ್ತಾಗಲಿಲ್ಲ.

ಆಟ ಮುಗಿಯುವ ಹೊತ್ತಾಗುತ್ತಿತ್ತು. ಇನ್ನೊಂದು ಸಲ ಎದುರಿನವರು ಒದ್ದ ಚೆಂಡು ಗುಬ್ಬಿಯ ಕೈಸೇರಿತು. ಎದುರಾಳಿಗಳೆಲ್ಲ ಗೆರೆಯ ಹಿಂದೆ. ರೆಫರಿಯ ಕೈ ಮೇಲಕ್ಕೆ ಹೋಗಿ ಸೆಕೆಂಡು ಎಣಿಸುತ್ತಾ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳತೊಡಗಿದವು. ಬಲಗಡೆಯ ಹುಡುಗನ ಪಕ್ಕ ಎದುರಾಳಿಯೊಬ್ಬ ಗೆರೆಗೆ ಮೂಗು ತಾಗಿಸಿ ನಿಂತಿದ್ದ. ನಡುವಿನವಳು ಬೆನ್ನು ತಿರುಗಿಸಿದ್ದಳು. ಎಡಗಡೆ ಸೋಡಾಬುಡ್ಡಿ. ಈ ಸಲ ಅವನು ಕೈಯನ್ನು ಪೂರ್ತಿ ಎತ್ತಿರಲಿಲ್ಲ. ಸೊಂಟದ ಹತ್ತಿರ ಅರ್ಧಕ್ಕೆ ಎತ್ತಿ, ಯಾರಾದರೂ ನೋಡಿಯಾರು ಎಂಬಂತೆ ಹಿಡಿದುಕೊಂಡಿದ್ದ.

"ಕೆಳಗಿಟ್ಟು ಒದಿ ಗುಬ್ಬಿ, ದೂರ ಒದಿ!" ಅಣ್ಣನ ಗಂಟಲು ಹರಿಯುವಂತಿತ್ತು. ಅದು ನಿಯಮಕ್ಕೆ ಸರಿಯಾಗಿಯೇ ಇದ್ದ ಮಾತು. ನೆಲಕ್ಕಿಟ್ಟು ಒದೆಯಬಹುದಿತ್ತು, ಅವಳ ಕಾಲಿನಲ್ಲಿ ಆ ಶಕ್ತಿ ಇತ್ತು, ಅವನೇ ಕಲಿಸಿದ್ದು.

ಗುಬ್ಬಿಗೆ ಕೇಳಿಸಿತು, ಅವಳ ತಲೆ ಒಮ್ಮೆ ಇತ್ತ ತಿರುಗಿತು ಕೂಡ. ಆಮೇಲೆ ಅವಳು ಬಗ್ಗಿದಳು. ಬಗ್ಗಿ, ಚೆಂಡನ್ನು ಮತ್ತೆ ಅವನಿಗೇ ಉರುಳಿಸಿದಳು.

ಸೋಡಾಬುಡ್ಡಿ ಚೆಂಡು ಬರುವುದನ್ನು ನೋಡಿದ. ಬಂದದ್ದನ್ನು ಅಂಗಾಲಿನಿಂದ ಒತ್ತಿ ನಿಲ್ಲಿಸಿದ. ಮೂವರು ನುಗ್ಗಿ ಬರುತ್ತಿದ್ದರು. ಅವನು ಅವರ ಕಡೆ ನೋಡಲೇ ಇಲ್ಲ, ಅಂಚಿನಲ್ಲಿ ಓಡುತ್ತಿದ್ದ ಹುಡುಗಿಗೆ ಪಕ್ಕಕ್ಕೆ ತಳ್ಳಿದ, ತಳ್ಳಿದ ರಭಸಕ್ಕೆ ತಾನೇ ಕೂತುಬಿಟ್ಟ. ಅವಳು ಚೆಂಡನ್ನು ಕಾಲಲ್ಲೇ ಒಯ್ಯುತ್ತಾ ಓಡಿದಳು. ಗೋಲು ಏನೂ ಆಗಲಿಲ್ಲ. ಮುಂದೆ ಎಲ್ಲೋ ಚೆಂಡು ಹೊರಗೆ ಹೋಯಿತು, ಕೊನೆಯ ಸೀಟಿ ಕೇಳಿಸಿತು, ಪಂದ್ಯ ಸಮವಾಯಿತು. ಕಪ್ಪು ಎದುರಿನವರು ಎತ್ತಿಕೊಂಡು ಕುಣಿದರು.

ಅಣ್ಣನಿಗೆ ಕಪ್ಪಿನ ಕಡೆ ಗಮನವೇ ಇರಲಿಲ್ಲ. ಮೈ ಜುಮ್ಮೆಂದು, ತೋಳಿನ ಕೂದಲೆಲ್ಲ ಎದ್ದು ನಿಂತಿತ್ತು. ತನ್ನ ಆಯುಷ್ಯದಲ್ಲಿ ಎಷ್ಟೋ ಕೀಪರುಗಳನ್ನು ನೋಡಿದ್ದ, ಗಾಳಿಯಲ್ಲಿ ಹಾರಿದವರನ್ನು, ಕಂಬಕ್ಕೆ ತಲೆ ಹೊಡೆಸಿಕೊಂಡೂ ಚೆಂಡು ಬಿಡದವರನ್ನು. ಇದು ಅವರ್ಯಾರಿಂದಲೂ ಆಗದ ಕೆಲಸ. ಊರಿಗೆ ಊರೇ ಬೇಡ ಎಂದು ಕೂಗುತ್ತಿದೆ, ಸ್ವಂತ ದೊಡ್ಡಪ್ಪ ಕೂಗುತ್ತಿದ್ದಾನೆ, ಈಗಷ್ಟೇ ಅದೇ ಹುಡುಗನ ಕಾಲು ಕೈಕೊಟ್ಟಿದೆ. ಆದರೂ ಈ ಕಡ್ಡಿಯಂಥ ಮಗು ಮತ್ತೆ ಅವನಿಗೇ ಕೊಟ್ಟಿತಲ್ಲ! ಎಲ್ಲಿಂದ ಬಂತು ಇಷ್ಟು ಧೈರ್ಯ? ಅವನಿಗೆ ಆ ಮಗುವಿನ ಮುಂದೆ ಕೈ ಮುಗಿಯಬೇಕು ಎನ್ನಿಸಿತು, ನಾಚಿಕೆಯಾಗಿ ಜೇಬಿಗೆ ಕೈ ಹಾಕಿಕೊಂಡ.

ಗುಬ್ಬಿ ಬೆವರು ಸುರಿಸಿಕೊಂಡು ಬಂದು ದೊಡ್ಡಮ್ಮ ಕೊಟ್ಟ ನೀರಿನ ಬಾಟಲಿಗೆ ಬಾಯಿ ಹಚ್ಚಿದಳು.

"ಅವನಿಗೇ ಯಾಕೆ ಕೊಟ್ಟೆ ಮರಿ?" ಅಣ್ಣನ ದನಿ ಅವನಿಗೇ ಗುರುತು ಸಿಗದಷ್ಟು ಮೆತ್ತಗಾಗಿತ್ತು.

"ಅವನು ಖಾಲಿ ಇದ್ದ ದೊಡ್ಡಪ್ಪ. ಕೈ ಎತ್ತಿದ್ದ."

"ಮೊದಲ ಸಲ ಕೊಟ್ಟಾಗ ಏನಾಯ್ತು ನೋಡಿದ್ಯಲ್ಲ. ಮತ್ತೆ ಹಾಗೇ ಆಗಿದ್ರೆ?"

ಗುಬ್ಬಿ ಸ್ವಲ್ಪ ಯೋಚನೆ ಮಾಡಿದಳು. "ಮತ್ತೆ ಗೋಲಾಗ್ತಿತ್ತು," ಎಂದಳು, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ಅವನ ಮುಖ ನೋಡಿ. ಬಾಟಲಿ ಖಾಲಿ ಮಾಡಿ ಸೋಡಾಬುಡ್ಡಿಯ ಹತ್ತಿರ ಓಡಿದಳು. ತಮ್ಮ ಅವಳ ಹಿಂದೆ ಹೋದ.

ಮನೆಗೆ ಹೋಗುವ ದಾರಿಯಲ್ಲಿ ಅಣ್ಣ ಎರಡು ಬೀದಿಯನ್ನು ತಲೆ ತಗ್ಗಿಸಿಕೊಂಡೇ ದಾಟಿದ. ಹೆಂಡತಿಗೆ ಅನುಮಾನವಾಯಿತು, ಹುಷಾರಿಲ್ಲವೇನೋ ಎಂದು.

"ಆ ಹುಡುಗ ಕೈ ಎತ್ತಿದ್ದು ನನಗೆ ಕಾಣಲೇ ಇಲ್ಲ ಕಣೇ," ಎಂದ ಕೊನೆಗೆ. "ಇಲ್ಲೇ ಇದ್ದ, ಎದುರಿಗೆ."

"ನಿಮಗೆ ಯಾವತ್ತು ಕಂಡಿದೆ?" ಎಂದಳು ಅವಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ, ಅದಕ್ಕೇ ಅದು ಚುಚ್ಚಿತು. "ನೀವು ಆಡೋವಾಗ ನಾನು ಬಂದು ಕೂರ್ತಿದ್ನಲ್ಲ, ನಂಗೆ ನೆನಪಿದೆ. ನಿಮ್ಮ ಗೋಲಿನ ಮುಂದೆ ಎಡಗಡೆ ಯಾರು ಆಡ್ತಿದ್ದಿದ್ದು? ನಿಮ್ಮ ತಮ್ಮ. ಒಂದು ಸಲ ಚೆಂಡು ಬಿಟ್ಟ ಅಂತ ಆಮೇಲೆ ಅವನಿಗೆ ಕೊಡಲೇ ಇಲ್ಲ ನೀವು. ಅಷ್ಟು ವರ್ಷ ಕೈ ಎತ್ಕೊಂಡು ನಿಂತಿದ್ದ ಅವನು. ಜನ ಎಲ್ಲ ನಿಮ್ಮ ಚೆಂಡು ನೋಡ್ತಿದ್ರು, ನಾನು ಅವನನ್ನ ನೋಡ್ತಿದ್ದೆ. ನೀವು ಒದ್ದ ಮೇಲೆ ಕೈ ಮೆಲ್ಲಗೆ ಕೆಳಗಿಳಿಸ್ತಿದ್ದ."

ಅಣ್ಣ ನಡುದಾರಿಯಲ್ಲೇ ನಿಂತ. ಜಗಳ ಕಾಯಲು ಒಂದು ಮಾತು ಹುಡುಕಿದ, ಹುಟ್ಟಿದಾಗಿನಿಂದ ಕೈಕೊಡದ ನಾಲಗೆ ಅವತ್ತು ಕೈಕೊಟ್ಟಿತು.

ಸೋಮವಾರ ಬೆಳಿಗ್ಗೆ ಅಂಗಡಿಗೆ ಕೆಲಸ ಕಾದಿತ್ತು. ಶಾಲೆಯೊಂದರ ಕಿಟಕಿಗಳೆಲ್ಲ ಬಾಕಿಯಿದ್ದವು, ಅದಕ್ಕೂ ಮೊದಲು ದಂತವೈದ್ಯರ ಕ್ಲಿನಿಕ್ಕಿನ ಮುಂಭಾಗಕ್ಕೆ ಬಾಗಿಲಗಲದ ಗಾಜು ಕೊಯ್ಯಬೇಕಿತ್ತು. ಅಣ್ಣ ತಮ್ಮ ಇಬ್ಬರೂ ಸ್ಟ್ಯಾಂಡಿನಿಂದ ಶೀಟು ಎತ್ತಿ ತಂದು ಮೇಜಿನ ಮೇಲೆ ಮಲಗಿಸಿದರು. ಅಳತೆ ಹಾಕಿದರು. ತಮ್ಮ ರೂಢಿಯಂತೆ ಆಚೆ ಬದಿಗೆ ಹೋಗಿ ಪಟ್ಟಿಯ ತುದಿ ಒತ್ತಿ ಹಿಡಿದು ಕಾದ.

ಅಣ್ಣ ಕಟ್ಟರನ್ನು ಎಣ್ಣೆಯಲ್ಲಿ ಅದ್ದಿದ. ಆಮೇಲೆ ಮೇಜು ಸುತ್ತಿ ಬಂದು ಅದನ್ನು ತಮ್ಮನ ಮುಂದೆ ಹಿಡಿದ. "ನೀನು ಎಳಿ."

ತಮ್ಮ ಕಣ್ಣು ಕಣ್ಣು ಬಿಟ್ಟ. "ಬೇಡಣ್ಣ. ನಾಳೆ ಹೋಗೋನಿಗೆ ಇವತ್ತು ಯಾಕೆ?"

ಹಾಗಾದರೆ ನಿರ್ಧಾರ ಆಗಿಯೇ ಹೋಗಿದೆ. ಆದರೂ ಅಣ್ಣ ಕೈ ಹಿಂದಕ್ಕೆ ತೆಗೆಯಲಿಲ್ಲ. "ಹೋಗೋದಾದ್ರೆ ಹೋಗು. ಇದನ್ನ ಎಳೆದು ಹೋಗು."

ತಮ್ಮ ಕಟ್ಟರ್ ತೆಗೆದುಕೊಂಡ. ಜಾಗ ಬದಲಾಯಿತು. ಪಟ್ಟಿಯ ತುದಿ ಈಗ ಅಣ್ಣನ ಅಂಗೈ ಕೆಳಗಿತ್ತು. ಅಲ್ಲಿ ನಿಂತರೆ ಗಾಜಿನ ಬದಲು ಎಳೆಯುವವನ ಮುಖ ಕಾಣುತ್ತದೆ ಎನ್ನುವುದು ಅವನಿಗೆ ಅವತ್ತೇ ಗೊತ್ತಾದದ್ದು. ತಮ್ಮ ಉಸಿರು ಹಿಡಿದು ಎಳೆದ. ಸರ್ರ್ ಎಂದು ಬಂದ ಸದ್ದು ಮುಕ್ಕಾಲು ದಾರಿಯಲ್ಲಿ ತಡವರಿಸಿತು. ಇಬ್ಬರಿಗೂ ಕೇಳಿಸಿತು. ಮೇಜಿನ ಅಂಚಿಗೆ ತಂದು ಒತ್ತಿದಾಗ ಬಿರುಕು ಗೀರು ಬಿಟ್ಟು ಓರೆಯಾಗಿ ಓಡಿ, ಶೀಟಿನ ಮೂಲೆ ಮುರಿದು ನೆಲಕ್ಕೆ ಬಿದ್ದು ಪುಡಿಯಾಯಿತು.

ತಮ್ಮ ಅಣ್ಣನನ್ನು ನೋಡದೆ ಕಟ್ಟರನ್ನು ಅವನ ಕಡೆಗೆ ಚಾಚಿದ. ಅಣ್ಣನ ಬೈಗುಳವೆಲ್ಲ ಗಂಟಲಿಗೆ ಬಂದು ನಿಂತಿತ್ತು. ಅವನು ಅದನ್ನು ನುಂಗಿಕೊಂಡ. ಎಷ್ಟು ಕಷ್ಟವಾಯಿತೆಂದರೆ ಕಣ್ಣಲ್ಲಿ ನೀರು ಬಂತು.

"ಅದು ನಿನ್ನ ಹತ್ರಾನೇ ಇರ್ಲಿ," ಎಂದ. "ಇನ್ನೊಂದು ಶೀಟ್ ತರೋಣ ಬಾ. ಆ ಕಡೆ ಹಿಡಿ."

ತಂದರು. ಮಲಗಿಸಿದರು. ಬಟ್ಟೆಯಿಂದ ಸವರಿದ್ದು ಅಣ್ಣನೇ.

"ಅಣ್ಣ, ಕೈ ನಡುಗ್ತಿದೆ," ಎಂದ ತಮ್ಮ.

"ನಂದೂ ನಡುಗ್ತಿದೆ. ಎಳಿ."

ತಮ್ಮ ಎಳೆದ. ಈ ಸಲ ಸದ್ದು ಎಲ್ಲೂ ನಿಲ್ಲಲಿಲ್ಲ. ಇಬ್ಬರೂ ಸೇರಿ ಅಂಚಿಗೆ ತಂದು ಒತ್ತಿದರು, ಗಾಜು ಗೀರಿನುದ್ದಕ್ಕೂ ನೆಟ್ಟಗೆ ಬಿಟ್ಟುಕೊಂಡಿತು. ತಮ್ಮ ಆ ಅಂಚನ್ನು ನೋಡುತ್ತಾ ನಿಂತವನು ಸ್ಟೂಲಿನ ಮೇಲೆ ಕುಸಿದು ಕೂತ, ತೋಳಿನಿಂದ ಮುಖ ಮುಚ್ಚಿಕೊಂಡ. ಅಣ್ಣ ಏನು ಮಾಡುವುದೆಂದು ತೋಚದೆ, ಆಗಲೇ ಹೊಳೆಯುತ್ತಿದ್ದ ಗಾಜನ್ನು ಮತ್ತೆ ಮತ್ತೆ ಒರೆಸಿದ.

"ಸಂಜೆಗೆ ಅವರಿಗೆ ಉತ್ತರ ಹೇಳ್ಬೇಕು," ಎಂದ ತಮ್ಮ ತೋಳಿನ ಮರೆಯಿಂದಲೇ. "ಏನಂತ ಹೇಳ್ಲಿ?"

ಇಷ್ಟು ವರ್ಷ ಆ ಅಂಗಡಿಯ ಎಲ್ಲ ಮಾತಿಗೂ ಉತ್ತರ ಅಣ್ಣನದೇ. ಈಗ ಅವನು ಒರೆಸುವ ಬಟ್ಟೆ ಕೆಳಗಿಟ್ಟ. "ನಿನ್ನಿಷ್ಟ ಕಣೋ," ಎಂದ. ಅಷ್ಟು ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇರು ಅಂತ ನಾನು ಕೇಳ್ಕೋತಾ ಇದ್ದೀನಿ."

ತಮ್ಮ ಮುಖ ಎತ್ತಿ ಅಣ್ಣನನ್ನು ನೋಡಿದ. ಎದ್ದು, ಮೂಲೆಯಲ್ಲಿದ್ದ ಪೊರಕೆ ತಂದ.

"ಮೊದಲು ಈ ಚೂರು ಗುಡಿಸೋಣ, ಯಾರಾದ್ರೂ ತುಳಿದುಬಿಟ್ಟಾರು," ಎಂದ. "ಆಮೇಲೆ ಶಾಲೆ ಕಿಟಕಿ ಅಳತೆ ನೋಡ್ಬೇಕು. ನಾಳೆ ಬೆಳಿಗ್ಗೇನೇ ಶುರು ಮಾಡಿದ್ರೆ ವಾರದಲ್ಲಿ ಮುಗಿಸ್ತೀನಿ."

ಅಣ್ಣ ಕೈ ಚಾಚಿ ಅವನಿಂದ ಪೊರಕೆ ತೆಗೆದುಕೊಂಡ, ಮಂಡಿಯೂರಿ ಗುಡಿಸತೊಡಗಿದ.